ಮೆದುಳಿನ ಗಡ್ಡೆ ತೆಗೆಸಿದ ಮೇಲೂ ಬಿಡದ ತಲೆನೋವು: ಯಾವ ನೋವಿಗೆ ಯಾವ ದಾರಿ

ಆಪರೇಷನ್ ಮುಗಿದು, ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಬಂದವರು ತಲೆನೋವು ನಿಲ್ಲದಿದ್ದಾಗ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಕೇಳುವುದು ಒಂದೇ: "ಸ್ವಲ್ಪ ಸ್ಟ್ರಾಂಗ್ ಆಗಿರೋ ಮಾತ್ರೆ ಕೊಡಿ." ಎಡವುವುದು ಇಲ್ಲೇ. ಇಲ್ಲಿ ಮದ್ದು ನಿರ್ಧಾರವಾಗುವುದು ನೋವಿನ ಜೋರಿನಿಂದಲ್ಲ. ಅದು ಎದ್ದಾಗ ಹೆಚ್ಚೋ ಮಲಗಿದಾಗ ಹೆಚ್ಚೋ, ತಲೆಯ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಅನ್ನುವುದರಿಂದ. ಒಂದು ಬಗೆಯ ನೋವಿಗೆ ನೀರು, ಕಾಫಿ ನೆಮ್ಮದಿ ಕೊಡುತ್ತವೆ. ಇನ್ನೊಂದರಲ್ಲಿ ಅದೇ ನೀರು ಅಪಾಯಕ್ಕೆ ತಳ್ಳುತ್ತದೆ. ಒಂದಕ್ಕೆ ಸ್ಟೀರಾಯ್ಡ್ ಮಾತ್ರೆ ಒಂದೆರಡು ದಿನದಲ್ಲಿ ಕೆಲಸ ಮಾಡುತ್ತದೆ. ಇನ್ನೊಂದಕ್ಕೆ ಅದು ಸಕ್ಕರೆ ಏರಿಸುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಹಾಗಾಗಿ ಮಾತ್ರೆಗಳ ಹೋಲಿಕೆ ಆಮೇಲೆ, ನೋವುಗಳ ಹೋಲಿಕೆ ಮೊದಲು.

ಯಾವ ನೋವು ಅಂತ ಗುರುತಿಸುವುದು

ತಲೆಬುರುಡೆ ತೆರೆದು ಮಾಡಿದ ಆಪರೇಷನ್ನಿನ ನೋವು ಸಾಮಾನ್ಯವಾಗಿ ಮೊದಲ 7 ದಿನದೊಳಗೆ ಶುರುವಾಗಿ 3 ತಿಂಗಳೊಳಗೆ ಇಳಿಯುತ್ತದೆ. 3 ತಿಂಗಳು ದಾಟಿಯೂ ಉಳಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎಂದು ಬೇರೆ ಗುಂಪಿಗೆ ಸೇರಿಸುತ್ತಾರೆ. ಮೊದಲ ತಿಂಗಳಲ್ಲಿ ಗಾಯ ಮಾಯುವುದನ್ನು ಕಾಯುವುದು ಸರಿ; ನಾಲ್ಕನೇ ತಿಂಗಳಲ್ಲೂ ಅದೇ ಕಾರಣ ಹೇಳಿಕೊಂಡು ಕೂರುವುದು ಸರಿಯಲ್ಲ.

ಗಾಯದ ಮತ್ತು ಸ್ನಾಯುವಿನ ನೋವು ಎಲ್ಲಕ್ಕಿಂತ ಸಾಮಾನ್ಯ. ಕಿವಿಗೂ ಹುಬ್ಬಿನ ತುದಿಗೂ ನಡುವೆ, ಅಂದರೆ ಕಣತಲೆಯಲ್ಲಿ ತೆರೆದಿದ್ದರೆ ಅಗಿಯುವ ಸ್ನಾಯುವನ್ನೇ ಕತ್ತರಿಸಿ ಮತ್ತೆ ಹೊಲಿದಿರುತ್ತಾರೆ. ಚಪಾತಿ ಅಗಿಯುವಾಗ, ಆಕಳಿಸುವಾಗ ಅಲ್ಲಿ ಎಳೆಯುತ್ತದೆ, ಬಾಯಿ ಪೂರ್ತಿ ತೆರೆಯುವುದಿಲ್ಲ. ಹಿಂದಲೆಯಲ್ಲಿ, ಕಿವಿಯ ಹಿಂದೆ ತೆರೆದಿದ್ದರೆ ಕತ್ತಿನ ಸ್ನಾಯುಗಳ ಜೊತೆ ಹಿಂದಲೆಯ ನರಕ್ಕೂ ಪೆಟ್ಟಾಗಿರಬಹುದು. ಕಿವಿ ನರದ ಗಡ್ಡೆಗೆ ಈ ದಾರಿಯಲ್ಲಿ ಆಪರೇಷನ್ ಆದವರಲ್ಲಿ ನೋವು ಉಳಿಯುವುದು, ಒಳಗಿವಿಯ ಮೂಲಕ ಹೋದವರಿಗಿಂತ ಹೆಚ್ಚು. ಗುರುತು ಸುಲಭ: ಬೆರಳಿನಿಂದ ಒತ್ತಿದರೆ "ಇಲ್ಲೇ" ಅನ್ನುವಷ್ಟು ಒಂದೇ ಜಾಗ, ಕತ್ತು ತಿರುಗಿಸಿದರೆ ಹೆಚ್ಚು.

ನರದ ನೋವು ಬೇರೆ ಥರ. ಕರೆಂಟ್ ಹೊಡೆದಂತೆ ಚಳಕು, ಉರಿ, ಬಾಚಣಿಗೆ ತಾಗಿದರೂ ಆಗದು, ಆದರೆ ಪಕ್ಕದ ಜಾಗದಲ್ಲಿ ಜೋಮು. ಪ್ಯಾರಾಸಿಟಮಾಲ್ ಇದರ ಹತ್ತಿರಕ್ಕೂ ಬರುವುದಿಲ್ಲ.

ಎದ್ದು ಕೂತರೆ ಹೆಚ್ಚಾಗಿ, ಅಡ್ಡಬಿದ್ದರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುವ ನೋವು ಮೆದುಳಿನ ಸುತ್ತಲಿನ ದ್ರವ ಎಲ್ಲೋ ಸೋರುತ್ತಿರುವುದರ ಸೂಚನೆ. ಮೂಗಿನ ಮೂಲಕ ಪಿಟ್ಯುಟರಿ (ಮೆದುಳಿನ ಬುಡದ ಪುಟ್ಟ ಹಾರ್ಮೋನು ಗ್ರಂಥಿ) ಗಡ್ಡೆ ತೆಗೆಸಿದವರು ಇದನ್ನು ನೆಗಡಿ ಅಂದುಕೊಳ್ಳುವುದೇ ಹೆಚ್ಚು. ನೆಗಡಿಯ ಸಿಂಬಳ ಅಂಟುತ್ತದೆ. ಇದು ನೀರಿನಷ್ಟು ತಿಳಿ, ಮುಂದಕ್ಕೆ ಬಗ್ಗಿದರೆ ಒಂದು ಹೊಳ್ಳೆಯಿಂದ ತೊಟ್ಟಿಕ್ಕುತ್ತದೆ, ಗಂಟಲಲ್ಲಿ ಉಪ್ಪುಪ್ಪು ರುಚಿ. ಸೋರುವ ದಾರಿಯಿಂದಲೇ ಸೋಂಕು ಮೆದುಳ ಪೊರೆಗೆ ಏರುವುದರಿಂದ ಇದನ್ನು ಮಾತ್ರೆಯಲ್ಲಿ ಮುಚ್ಚಿಡಬಾರದು. ಮೂಗು ಸೀಟುವುದು, ಸೀನನ್ನು ಬಾಯಿ ಮುಚ್ಚಿ ತಡೆಯುವುದು ಎರಡೂ ಬೇಡ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು.

ಇದರ ತದ್ವಿರುದ್ಧ ಒತ್ತಡ ಏರಿದ ನೋವು. ಬೆಳಗಿನ ಜಾವ ಎಚ್ಚರಿಸುತ್ತದೆ, ಮಲಗಿದರೆ, ಕೆಮ್ಮಿದರೆ, ಬಗ್ಗಿದರೆ ಹೆಚ್ಚುತ್ತದೆ, ವಾಂತಿಯಾಗುತ್ತದೆ, ದೃಷ್ಟಿ ಮಸುಕಾಗುತ್ತದೆ. ಕಾರಣ ಊತ ಇರಬಹುದು, ದ್ರವ ಕಟ್ಟಿಕೊಂಡಿರಬಹುದು, ಷಂಟ್ (ಮೆದುಳಿನ ಹೆಚ್ಚಿನ ದ್ರವ ಹೊರಗೆ ಹರಿಸಲು ಒಳಗೆ ಇಟ್ಟ ನಳಿಗೆ) ಇದ್ದರೆ ಅದು ಮುಚ್ಚಿಹೋಗಿರಬಹುದು, ಗಡ್ಡೆ ಮತ್ತೆ ಬೆಳೆದಿರಬಹುದು. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಲ್ಲಿ ವಾರಗಳ ನಂತರ ನಿಧಾನವಾಗಿ ರಕ್ತ ಶೇಖರವಾಗುವುದೂ ಉಂಟು.

ಎರಡು ನೋವುಗಳನ್ನು ಮಾತ್ರೆಯ ಲೆಕ್ಕ ನೋಡಿಯೇ ಹಿಡಿಯಬಹುದು. ಒಂದು, ಊತ ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ಡೆಕ್ಸಾಮೆಥಾಸೋನ್ ಇಳಿಸುವಾಗ ಬರುವುದು. ಡಿಸ್ಚಾರ್ಜ್ ಸಮ್ಮರಿಯಲ್ಲಿ 4 ಮಿ.ಗ್ರಾಂ.ನಿಂದ 2, 1, 0.5 ಎಂದು ಮೆಟ್ಟಿಲು ಬರೆದಿರುತ್ತಾರೆ. ಸ್ಟ್ರಿಪ್ ಖಾಲಿಯಾಯಿತು ಅಂತ ನಡುವೆ ನಿಲ್ಲಿಸಿದರೆ ಊತ ಮರಳಬಹುದು, ದೇಹ ತಾನೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿದ್ದರೆ ಸುಸ್ತು, ವಾಕರಿಕೆ, ಬಿ.ಪಿ. ಕುಸಿತವೂ ಸೇರಿಕೊಳ್ಳುತ್ತದೆ. ಇನ್ನೊಂದು, ನೋವಿನ ಮಾತ್ರೆಯೇ ತರುವ ನೋವು. ಅದರ ಲೆಕ್ಕ ಮುಂದೆ ಇದೆ.

ಪಿಟ್ಯುಟರಿ ಆಪರೇಷನ್ ಆದವರಿಗೆ ಇನ್ನೊಂದು ಮಾತು. ಆಪರೇಷನ್ ಆಗಿ ಒಂದು ವಾರದ ಆಸುಪಾಸಿನಲ್ಲಿ ತಲೆನೋವು, ವಾಕರಿಕೆ, ಮಂಕು ಬಂದರೆ ರಕ್ತದ ಸೋಡಿಯಂ ಇಳಿದಿರಬಹುದು. ಆಗ "ಬಿಸಿಲು ಜಾಸ್ತಿ, ನೀರು ಕುಡಿ" ಅನ್ನುವ ಮನೆಯವರ ಉಪದೇಶ ಉಲ್ಟಾ ಹೊಡೆಯುತ್ತದೆ. ನೀರು ಹೆಚ್ಚಾದಷ್ಟೂ ಸೋಡಿಯಂ ಇನ್ನೂ ಇಳಿದು ಫಿಟ್ಸ್ ಬರಬಹುದು. ಸೋಡಿಯಂ ಪರೀಕ್ಷೆ ತಾಲ್ಲೂಕು ಕೇಂದ್ರದ ಲ್ಯಾಬುಗಳಲ್ಲೂ ಆಗುತ್ತದೆ, ಅದೇ ದಿನ ಮಾಡಿಸಬೇಕು. ಫಿಟ್ಸ್‌ಗೆ ಆಕ್ಸ್‌ಕಾರ್ಬಜೆಪಿನ್ ಅಥವಾ ಕಾರ್ಬಮಜೆಪಿನ್ ತೆಗೆದುಕೊಳ್ಳುವವರಲ್ಲೂ ಸೋಡಿಯಂ ಇಳಿಯುತ್ತದೆ.

ಹತ್ತಿರದ ಆಸ್ಪತ್ರೆಯೋ, ಬೆಂಗಳೂರೋ

ಹಠಾತ್ತನೆ ಬಂದ, ಈವರೆಗೆ ಕಾಣದಷ್ಟು ಜೋರಿನ ನೋವು, ಜ್ವರ ಮತ್ತು ಕತ್ತು ಬಗ್ಗಿಸಲಾಗದ ಬಿಗಿತ, ಫಿಟ್ಸ್, ಮಾತು ತೊದಲು, ಕೈಕಾಲು ಸೋಲು, ಎಬ್ಬಿಸಿದರೂ ಏಳದ ಮಂಪರು, ಗಾಯದಿಂದ ಕೀವು ಅಥವಾ ನೀರು. ಇವುಗಳಲ್ಲಿ ಒಂದಿದ್ದರೂ ಮನೆಯ ಆಯ್ಕೆಗಳೆಲ್ಲ ಬಂದ್.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಪಟ್ಟಣಗಳು ಬೆಂಗಳೂರಿನಿಂದ 60–70 ಕಿ.ಮೀ. ಒಳಗೇ ಇರುವುದರಿಂದ "ನೇರ ನಿಮ್ಹಾನ್ಸ್‌ಗೇ ಹೋಗೋಣ" ಅನ್ನುವುದು ವಾಡಿಕೆ. ಎಚ್ಚರವಿದ್ದು, ಉಸಿರಾಟ ಸರಿಯಿದ್ದು, ಷಂಟ್ ಮುಚ್ಚಿದ ಅನುಮಾನವಿದ್ದರೆ ಅದು ಒಳ್ಳೆಯ ನಿರ್ಧಾರವೇ, ಏಕೆಂದರೆ ನ್ಯೂರೋಸರ್ಜನ್ ಇಲ್ಲದ ಕಡೆ ಸಿ.ಟಿ. ತೆಗೆದರೂ ಷಂಟ್ ಸರಿಮಾಡಲು ಮತ್ತೆ ಹೊರಡಲೇಬೇಕು. ನಿಮ್ಹಾನ್ಸ್‌ನ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಆದರೆ ಫಿಟ್ಸ್ ನಿಲ್ಲದಿರುವಾಗ, ಪ್ರಜ್ಞೆ ತಪ್ಪಿರುವಾಗ ನೆಲಮಂಗಲದ ಅಥವಾ ಹೊಸಕೋಟೆಯ ಟ್ರಾಫಿಕ್ಕಿನಲ್ಲಿ ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಹೋಗುವುದು ಜೂಜು. 108ಕ್ಕೆ ಕರೆ ಮಾಡಿ. ತುಮಕೂರು ಜಿಲ್ಲಾಸ್ಪತ್ರೆ, ಕೋಲಾರದ ಎಸ್.ಎನ್.ಆರ್. ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿ ಮೊದಲು ಫಿಟ್ಸ್ ನಿಲ್ಲಿಸಿ, ಉಸಿರು ಭದ್ರ ಮಾಡಿಕೊಂಡು ಮುಂದೆ ಹೊರಡಿ. ಪಾವಗಡ, ಬಾಗೇಪಲ್ಲಿಯಂಥ ದೂರದ ತಾಲ್ಲೂಕಿನವರಿಗೆ ಇದು ಇನ್ನೂ ಅನ್ವಯ.

ಯಾವ ಕಡೆ ಹೋದರೂ ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ನೋಟ್, ಗಡ್ಡೆಯ ಬಯಾಪ್ಸಿ ವರದಿ, ಎಂ.ಆರ್.ಐ. ಸಿ.ಡಿ. ಜೊತೆಗಿರಲಿ. ಆಪರೇಷನ್ ಆದ ಕೂಡಲೇ ತೆಗೆದ ಸ್ಕ್ಯಾನ್ ಇಲ್ಲದಿದ್ದರೆ, ಈಗ ಕಾಣುವ ಮಚ್ಚೆ ಹಳೆಯದೋ ಹೊಸದೋ ಅಂತ ಹೇಳಲು ಯಾರಿಗೂ ಆಗುವುದಿಲ್ಲ.

ತುರ್ತಿಲ್ಲದ, ತಿಂಗಳುಗಟ್ಟಲೆ ಎಳೆಯುತ್ತಿರುವ ನೋವಿಗೆ ಲೆಕ್ಕ ಬೇರೆ. ಪ್ರತಿ ಬಾರಿ ಬೆಂಗಳೂರಿಗೆ ಓಡುವ ಬದಲು ಜಿಲ್ಲಾಸ್ಪತ್ರೆಯ ಮೆದುಳು ಆರೋಗ್ಯ ಕ್ಲಿನಿಕ್ಕಿನಲ್ಲಿ ತೋರಿಸಬಹುದು. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಮೊದಲು ಪ್ರಯೋಗವಾದ ಜಿಲ್ಲೆಗಳಲ್ಲಿ ಕೋಲಾರವೂ ಚಿಕ್ಕಬಳ್ಳಾಪುರವೂ ಇದ್ದವು. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆ ಅದರ ಕೆಲಸ. ಮಾತ್ರೆ ಹೊಂದಿಸಲು, ಸೋಡಿಯಂ, ಕ್ರಿಯಾಟಿನಿನ್ (ಕಿಡ್ನಿ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಲು ಇಷ್ಟು ಸಾಕು. ಗಾಯ, ಷಂಟ್, ದ್ರವ ಸೋರಿಕೆ, ಹೊಸ ಸ್ಕ್ಯಾನಿನ ಅರ್ಥ, ಇವಕ್ಕೆ ಮಾತ್ರ ಆಪರೇಷನ್ ಮಾಡಿದ ತಂಡವೇ ಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮುಂದಿನ ಚಿಕಿತ್ಸೆ ಬೇಕಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲೇ ಸಿಗುತ್ತದೆ.

ಸ್ಕ್ಯಾನಿನಲ್ಲೂ ಆಯ್ಕೆ ಇದೆ. ರಕ್ತಸ್ರಾವ, ದ್ರವ ಕಟ್ಟಿಕೊಂಡದ್ದು ಗೊತ್ತಾಗಲು ಸಾದಾ ಸಿ.ಟಿ. ಸಾಕು, ನಿಮಿಷಗಳ ಕೆಲಸ. ಗಡ್ಡೆ ಮರಳಿದೆಯೇ, ಒಳಗೆ ಕೀವಿದೆಯೇ, ದ್ರವ ಸೋರಿ ಒತ್ತಡ ಇಳಿದಿದೆಯೇ ಎಂಬುದಕ್ಕೆ ಕಾಂಟ್ರಾಸ್ಟ್ ಕೊಟ್ಟ ಎಂ.ಆರ್.ಐ. ಬೇಕು, ಮೊದಲು ಕ್ರಿಯಾಟಿನಿನ್ ನೋಡಬೇಕು. ಬುರುಡೆ ಕೂಡಿಸಿದ ಟೈಟಾನಿಯಂ ಪ್ಲೇಟಿಗೆ ಎಂ.ಆರ್.ಐ.ನಿಂದ ತೊಂದರೆಯಿಲ್ಲ. ಹೊರಗಿನಿಂದ ಒತ್ತಡ ಹೊಂದಿಸುವ ಬಗೆಯ ಷಂಟ್ ಇದ್ದರೆ ಆಯಸ್ಕಾಂತದಿಂದ ಅದರ ಸೆಟ್ಟಿಂಗ್ ಬದಲಾಗಬಹುದು; ಸ್ಕ್ಯಾನ್ ಆದ ದಿನವೇ ಅದನ್ನು ಪರೀಕ್ಷಿಸಿ ಸರಿಮಾಡಬಲ್ಲ ಕಡೆಯಲ್ಲೇ ಎಂ.ಆರ್.ಐ. ಮಾಡಿಸಿ.

ಆ ಹೊತ್ತಿನ ನೋವಿಗೆ ಮಾತ್ರೆ

ಪ್ಯಾರಾಸಿಟಮಾಲ್ ಮೊದಲ ಆಯ್ಕೆ. ರಕ್ತಸ್ರಾವದ ಭಯವಿಲ್ಲ, ಹೊಟ್ಟೆ ಕೆಡಿಸುವುದಿಲ್ಲ. ದೊಡ್ಡವರಿಗೆ 650 ಮಿ.ಗ್ರಾಂ. ಮಾತ್ರೆ 6 ಗಂಟೆಗೊಂದರಂತೆ 4 ತಿಂದರೆ 2,600 ಮಿ.ಗ್ರಾಂ. ಆಗುತ್ತದೆ. ದಿನಕ್ಕೆ 4,000 ಗರಿಷ್ಠ ಮಿತಿ. ಹಲವು ದಿನ ಮುಂದುವರಿಸುವವರು, ತೂಕ ಕಡಿಮೆಯಿರುವವರು 3,000ದೊಳಗೇ ಇರಲಿ. ಲಿವರ್ ತೊಂದರೆ, ಕುಡಿತ ಇದ್ದರೆ ಅಥವಾ ಫೆನಿಟಾಯಿನ್‌ನಂಥ ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ಎಷ್ಟರವರೆಗೆ ಅಂತ ವೈದ್ಯರನ್ನೇ ಕೇಳಬೇಕು. ಜನ ಎಡವುವುದು ನೆಗಡಿ ಮಾತ್ರೆಯಲ್ಲಿ: ಅದರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡೂ ಸೇರಿ ಮಿತಿ ದಾಟುತ್ತದೆ.

ಐಬುಪ್ರೊಫೆನ್, ಡೈಕ್ಲೋಫಿನಾಕ್, ನ್ಯಾಪ್ರೊಕ್ಸೆನ್ ಸ್ನಾಯುವಿನ ನೋವಿಗೆ ಪ್ಯಾರಾಸಿಟಮಾಲ್‌ಗಿಂತ ಚುರುಕು. ಆದರೆ ಮೊದಲ ವಾರಗಳಲ್ಲಿ ರಕ್ತಸ್ರಾವದ ಅನುಮಾನದಿಂದ ಸರ್ಜನ್ ಒಪ್ಪದೆ ಮುಟ್ಟುವಂತಿಲ್ಲ. ಡೆಕ್ಸಾಮೆಥಾಸೋನ್ ನಡೆಯುತ್ತಿರುವಾಗ ಇವು ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರಬಹುದು. ಕಪ್ಪು ಮಲ ಕಂಡರೆ ಅದೇ. ಕಿಡ್ನಿ ಸೋತವರಿಗೆ ಬೇಡವೇ ಬೇಡ. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325 ಕೂಡಿದ್ದು. "ಪ್ಯಾರಾಸಿಟಮಾಲ್ ಥರಾನೇ" ಅಂತ ಕೊಟ್ಟರೆ ಒಪ್ಪಿಕೊಳ್ಳಬೇಡಿ. ಡಿಸ್ಪ್ರಿನ್ ಆಸ್ಪಿರಿನ್ನೇ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ.

ಸ್ಯಾರಿಡಾನ್, ವ್ಯಾಸೊಗ್ರೇನ್‌ಗಳಂಥ ಕೂಡುಮಾತ್ರೆಗಳು ಬೇಗ ಕೆಲಸ ಮಾಡುತ್ತವೆ, ಬೇಗ ಚಟವೂ ಆಗುತ್ತವೆ. ಎರಡರಲ್ಲೂ ಕೆಫೀನ್ ಇದೆ. ವ್ಯಾಸೊಗ್ರೇನ್‌ನಲ್ಲಿ ರಕ್ತನಾಳ ಕುಗ್ಗಿಸುವ ಎರ್ಗೊಟಮೈನ್ ಕೂಡ. ಮೈಗ್ರೇನ್ ಮೊದಲಿನಿಂದ ಇದ್ದವರು ಹಳೇ ಅಭ್ಯಾಸದಿಂದ ಇದಕ್ಕೆ ಮರಳುತ್ತಾರೆ. ಆಪರೇಷನ್ ಆದ ತಲೆಗೆ ವೈದ್ಯರ ಚೀಟಿ ಇಲ್ಲದೆ ಇದು ಕೊನೆಯ ಆಯ್ಕೆಯೂ ಅಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಟ್ರಮಡಾಲ್, ಅಥವಾ ಅದು ಪ್ಯಾರಾಸಿಟಮಾಲ್ ಜೊತೆ ಬರುವ ಅಲ್ಟ್ರಾಸೆಟ್, ಜನರ ಮಾತಿನ "ಸ್ಟ್ರಾಂಗ್" ಮಾತ್ರೆ. ಇದು ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಮೆದುಳಿನ ಮೇಲ್ಮೈಯಲ್ಲಿ ಆಪರೇಷನ್ ಆದವರಿಗೆ ಫಿಟ್ಸ್ ಅಪಾಯ ಮೊದಲೇ ಇರುತ್ತದೆ. ಖಿನ್ನತೆಯ ಕೆಲವು ಮಾತ್ರೆಗಳ ಜೊತೆಗೂ ಹೊಂದುವುದಿಲ್ಲ. ಇನ್ನೊಂದು ಕಾಟ ಮಲಬದ್ಧತೆ: ತಿಣುಕಿದಾಗಲೆಲ್ಲ ತಲೆಯೊಳಗಿನ ಒತ್ತಡ ಏರಿ ನೋವು ದುಪ್ಪಟ್ಟು.

ಈಗ ಲೆಕ್ಕ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್‌ನಂಥ ಒಂಟಿ ಮಾತ್ರೆ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಕೂಡುಮಾತ್ರೆ, ಟ್ರಮಡಾಲ್, ಮೈಗ್ರೇನ್‌ಗೆ ಕೊಡುವ ಟ್ರಿಪ್ಟಾನ್, ಎರ್ಗೊಟಮೈನ್ 10 ದಿನ ಅಥವಾ ಹೆಚ್ಚು, ಹೀಗೆ 3 ತಿಂಗಳು ದಾಟಿದರೆ ಮಾತ್ರೆಯೇ ನೋವು ಹುಟ್ಟಿಸತೊಡಗುತ್ತದೆ. ಎಣಿಸಬೇಕಾದದ್ದು ಮಾತ್ರೆಗಳನ್ನಲ್ಲ, ಮಾತ್ರೆ ತಿಂದ ದಿನಗಳನ್ನು. ಇದರಿಂದ ಹೊರಬರುವಾಗ ಮೊದಲ ಒಂದೆರಡು ವಾರ ನೋವು ಹೆಚ್ಚಾಗುವುದು ಸಹಜ. ಅಷ್ಟರಲ್ಲೇ ಕೈಚೆಲ್ಲಿ ಮತ್ತೆ ಅಂಗಡಿಗೆ ಹೋಗುವವರೇ ಹೆಚ್ಚು. ಟ್ರಮಡಾಲ್ ಮಾತ್ರ ಏಕಾಏಕಿ ನಿಲ್ಲಿಸದೆ ವೈದ್ಯರು ಹೇಳಿದಂತೆ ಇಳಿಸಬೇಕು.

ನೋವು ಬಾರದಂತೆ ತಡೆಯುವ ಮಾತ್ರೆ

ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ನೋವಿನ ಮಾತ್ರೆ ಬೇಕಾಗುತ್ತಿದ್ದರೆ ದಾರಿ ಬದಲಿಸುವ ಹೊತ್ತು. ಇವೆಲ್ಲ ದಿನಾ ತಿನ್ನುವ, ವೈದ್ಯರೇ ಬರೆಯುವ ಮಾತ್ರೆಗಳು. ಫಲ ಕಾಣಲು 4ರಿಂದ 8 ವಾರ ಬೇಕು. ಹತ್ತು ದಿನ ತಿಂದು "ಆಗಲಿಲ್ಲ" ಅಂತ ಬಿಟ್ಟರೆ ಅದು ಪ್ರಯತ್ನವೇ ಅಲ್ಲ.

ನಿದ್ದೆ ಕೆಟ್ಟು, ತಲೆ ಸುತ್ತ ಪಟ್ಟಿ ಬಿಗಿದಂತೆ ಅನಿಸುವವರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ.ನಿಂದ ಶುರು. ಅಗ್ಗ, ಜನೌಷಧಿ ಕೇಂದ್ರದಲ್ಲಿ ಕೇಳಿದರೆ ಇನ್ನೂ ಅಗ್ಗ. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು. ರಾತ್ರಿ 8ಕ್ಕೇ ತಿಂದರೆ ಆ ಮಂಪರು ಕಡಿಮೆ. ಪ್ರಾಸ್ಟೇಟ್, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ), ಹೃದಯದ ಲಯದ ತೊಂದರೆ ಇರುವವರಿಗೆ ಒಗ್ಗುವುದಿಲ್ಲ. ಚಳಕು ಹೊಡೆಯುವ ನರದ ನೋವಿಗೆ ಗ್ಯಾಬಪೆಂಟಿನ್ ಅಥವಾ ಪ್ರೀಗ್ಯಾಬಲಿನ್ ಮೇಲು. ತಲೆಸುತ್ತು, ಕಾಲೂತ ಅವುಗಳ ಬೆಲೆ, ಕಿಡ್ನಿ ಕೆಲಸ ಕಡಿಮೆಯಿದ್ದರೆ ಪ್ರಮಾಣ ಇಳಿಸಬೇಕು, ಏಕಾಏಕಿ ನಿಲ್ಲಿಸುವಂತಿಲ್ಲ.

ಮೈಗ್ರೇನ್ ಥರದ್ದಾದರೆ, ಅಂದರೆ ಒಂದೇ ಪಕ್ಕ ಬಡಿತ, ಬೆಳಕು ಸದ್ದು ಬೇಡ, ವಾಕರಿಕೆ, ಆಗ ಒಂದು ಜಾಣ ಆಯ್ಕೆ ಇದೆ. ಹೇಗೂ ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ಎರಡಕ್ಕೂ ಆಗುವ ಒಂದನ್ನು ಕೊಡಬಹುದೇ ಎಂದು ಕೇಳಿ. ಲೆವೆಟಿರಾಸಿಟಮ್ ಫಿಟ್ಸ್‌ಗೆ ಒಳ್ಳೆಯದು, ಆದರೆ ಕೆಲವರಿಗೆ ಅದೇ ತಲೆನೋವು, ಸಿಡುಕು ತರುತ್ತದೆ. ಟೋಪಿರಮೇಟ್ ಫಿಟ್ಸನ್ನೂ ಮೈಗ್ರೇನನ್ನೂ ತಡೆಯುತ್ತದೆ; ಬೆರಳು ಜುಮುಗುಟ್ಟುವುದು, ಮಾತಿಗೆ ಪದ ಸಿಗದಿರುವುದು, ಕಿಡ್ನಿಯ ಕಲ್ಲು ಅದರ ತೊಡಕು. ಮಾತಿನ ಭಾಗದಲ್ಲೇ ಆಪರೇಷನ್ ಆದವರಿಗೆ ಪದ ಮರೆಯುವುದು ಸಣ್ಣ ವಿಷಯವಲ್ಲ. ವಾಲ್ಪ್ರೊಯೇಟ್ ಕೂಡ ಎರಡಕ್ಕೂ ಆಗುತ್ತದೆ. ಮಗು ಬಯಸುವ ವಯಸ್ಸಿನ ಹೆಣ್ಣುಮಕ್ಕಳಿಗೆ ಈ ಎರಡೂ ಸಾಮಾನ್ಯವಾಗಿ ಬೇಡ, ಭ್ರೂಣಕ್ಕೆ ಹಾನಿ. ಬದಲಾವಣೆ ವೈದ್ಯರ ಕೈಯಲ್ಲೇ ಆಗಲಿ, ಫಿಟ್ಸ್ ಮಾತ್ರೆ ಒಂದು ದಿನವೂ ತಪ್ಪಬಾರದು.

ಡೆಕ್ಸಾಮೆಥಾಸೋನ್ ಊತಕ್ಕೆ ಮಾತ್ರ. ರೇಡಿಯೇಷನ್ ನಡೆಯುವಾಗ, ಆನಂತರದ ತಿಂಗಳುಗಳಲ್ಲಿ ಊತ ಬಂದರೆ ಅದಕ್ಕೆ ಸಾಟಿಯಿಲ್ಲ. ಬೆಳಿಗ್ಗೆ ತಿಂಡಿಯ ಜೊತೆ ತಿಂದು, ಎರಡನೇ ಡೋಸ್ ಇದ್ದರೆ ಮಧ್ಯಾಹ್ನ 2ರೊಳಗೆ ಮುಗಿಸಿದರೆ ನಿದ್ದೆ ಕೆಡುವುದಿಲ್ಲ. ಗಾಯದ, ನರದ ನೋವಿಗೆ ಹಳ್ಳಿ ಕ್ಲಿನಿಕ್ಕುಗಳಲ್ಲಿ ಇದೇ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಒಂದು ದಿನ ಹಾಯೆನಿಸಿ, ಸಕ್ಕರೆ, ತೂಕ, ಸೋಂಕು ಹಿಂಬಾಲಿಸುತ್ತವೆ.

ಇಂಜೆಕ್ಷನ್ನೋ, ವ್ಯಾಯಾಮವೋ

ಹಿಂದಲೆಯ ನೋವು ಒಂದೇ ಜಾಗದಿಂದ ನೆತ್ತಿಗೆ ಹರಿಯುತ್ತಿದ್ದರೆ ಹಿಂದಲೆಯ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು. ಔಷಧಿಯ ಮರಗಟ್ಟು ಕೆಲವೇ ಗಂಟೆ, ಆದರೆ ಹಿಡಿದರೆ ನೆಮ್ಮದಿ ವಾರಗಟ್ಟಲೆ ಉಳಿಯುತ್ತದೆ. ಪೇನ್ ಕ್ಲಿನಿಕ್ಕಿನ ವೈದ್ಯರಿಗೆ ನೀವೇ ಹೇಳಬೇಕಾದ ಮಾತು: ಆ ಜಾಗದಲ್ಲಿ ಬುರುಡೆಯ ಮೂಳೆ ಮರಳಿ ಕೂರಿಸಿದ್ದಾರೋ, ಬಿಟ್ಟಿದ್ದಾರೋ. ಮೂಳೆಯಿಲ್ಲದ ಕಡೆ ಸೂಜಿ ನೇರ ಒಳಗೆ ಇಳಿಯಬಹುದು.

ಕತ್ತಿನ ಬಿಗಿತದಿಂದ ಬರುವ ನೋವಿಗೆ ಇಂಜೆಕ್ಷನ್‌ಗಿಂತ ಫಿಸಿಯೋಥೆರಪಿ ಬಾಳಿಕೆ ಬರುತ್ತದೆ. ಗೋಡೆಗೆ ಬೆನ್ನು ಕೊಟ್ಟು ಗದ್ದವನ್ನು ಹಿಂದಕ್ಕೆಳೆದು 5 ಸೆಕೆಂಡ್ ಹಿಡಿಯುವುದು, 10 ಸಲ, ದಿನಕ್ಕೆ ಎರಡು ಮೂರು ಬಾರಿ. ಸರ್ಜನ್ ಒಪ್ಪಿದ ಮೇಲೆ. ಕಣತಲೆಯ ಆಪರೇಷನ್ ಆದವರು ಬಾಯಿಯನ್ನು ಅಳೆದುಕೊಳ್ಳಲಿ: ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹಿಡಿಸಬೇಕು. ಎರಡೇ ಹಿಡಿದರೆ ಐಸ್‌ಕ್ರೀಮ್ ಕಡ್ಡಿಗಳನ್ನು ಹಿಡಿಸುವಷ್ಟು ಜೋಡಿಸಿ ಹಲ್ಲಿನ ನಡುವಿಟ್ಟು, ಕೆಲವು ದಿನಕ್ಕೊಂದು ಕಡ್ಡಿ ಸೇರಿಸುತ್ತಾ ಹೋಗುವುದು. ನೋವಿದೆ ಅಂತ ಗಂಜಿಯಲ್ಲೇ ಕಾಲ ಕಳೆದರೆ ಸ್ನಾಯು ಇನ್ನೂ ಗಿಡ್ಡವಾಗುತ್ತದೆ. ಮುಟ್ಟಿದರೆ ಉರಿಯುವ ಕಲೆಗೆ, ಪೂರ್ತಿ ಮಾಯ್ದ ಮೇಲೆ, ಮೊದಲು ಹತ್ತಿ, ಆಮೇಲೆ ಮೆತ್ತನೆಯ ಟವಲಿನಿಂದ 5 ನಿಮಿಷ ನೇವರಿಸುವುದು ನರವನ್ನು ಪಳಗಿಸುತ್ತದೆ.

ಸೆಲೂನಿನ ಹೆಡ್ ಮಸಾಜ್, ಕೊನೆಗೆ ಕತ್ತನ್ನು ಎರಡೂ ಕಡೆ ತಿರುವಿ ನೆಟಿಗೆ ಮುರಿಯುವುದು, ಈ ಪಟ್ಟಿಯಲ್ಲೇ ಇಲ್ಲ. ಸರಿಯಿರುವ ಕತ್ತಿನಲ್ಲೇ ರಕ್ತನಾಳ ಸೀಳುವ ಅಪಾಯ ಅದಕ್ಕಿದೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಪಾವಗಡ, ಬಾಗೇಪಲ್ಲಿ ಸೀಮೆಯ ಹಿರಿಯರಲ್ಲಿ ಬೆನ್ನುಮೂಳೆ ಮೊದಲೇ ಗಡುಸಾಗಿರಬಹುದು. ಅವರು ಕತ್ತಿನ ಎಕ್ಸ್-ರೇ ತೋರಿಸಿಯೇ ವ್ಯಾಯಾಮ ಶುರುಮಾಡಲಿ.

ಮನೆಯ ಮದ್ದು, ಮನೆಯ ಕೆಲಸ

ತಣ್ಣನೆಯ ಪಟ್ಟಿ ಬಡಿಯುವ ನೋವಿಗೆ, ಬಿಸಿ ಶಾಖ ಕತ್ತಿನ ಬಿಗಿತಕ್ಕೆ. ಎರಡೂ ಬಟ್ಟೆಯಲ್ಲಿ ಸುತ್ತಿ 15 ನಿಮಿಷ. ಕಲೆಯ ಸುತ್ತ ಜೋಮು ಇರುವುದರಿಂದ ಬಿಸಿ ಗೊತ್ತಾಗದೆ ಸುಟ್ಟ ಗಾಯವಾಗುತ್ತದೆ. ಅಲ್ಲಿ ಶಾಖ ಬೇಡ. ಅಮೃತಾಂಜನದಂಥ ಬಾಮನ್ನು ಹಣೆಗೆ ಹಚ್ಚಿದರೆ ತಪ್ಪಿಲ್ಲ, ಹೊಲಿಗೆಯ ಗೆರೆಗೆ ಮಾತ್ರ ಬೇಡ. ಹರಳೆಣ್ಣೆ ಹಚ್ಚಿ ತಲೆ ತಂಪು ಮಾಡುವ ಆಸೆ ಗಾಯದ ಹಕ್ಕಳೆಯೆಲ್ಲ ಬಿದ್ದು ಚರ್ಮ ಕೂಡುವವರೆಗೆ ತಡೆದುಕೊಳ್ಳಲಿ. ಮೂಗಿನ ಮೂಲಕ ಆಪರೇಷನ್ ಆದವರು ಮೂಗಿಗೆ ಎಣ್ಣೆ ಬಿಡುವ ನಸ್ಯ, ನೀರು ಹಾಯಿಸುವ ಜಲನೇತಿ ಎರಡನ್ನೂ ಸರ್ಜನ್ ಒಪ್ಪಿಗೆಯಿಲ್ಲದೆ ಮಾಡಬಾರದು. ಕಪಾಲಭಾತಿ, ಶೀರ್ಷಾಸನ, ಸರ್ವಾಂಗಾಸನ ಯಾರಿಗೂ ಬೇಡ. ನಿಧಾನದ ಉಸಿರಾಟ, ಶವಾಸನ ಸಾಕು.

ದುಡಿಮೆಗೆ ಮರಳುವಾಗ ಭಾರ ನೋಡಬೇಕು. ಹಿಪ್ಪುನೇರಳೆ ಸೊಪ್ಪಿನ ಹೊರೆ, ಹುಲ್ಲಿನ ಹೊರೆ ತಲೆಯ ಮೇಲೆ ಹೊರುವುದು ನಿಲ್ಲಬೇಕು. ಕೋಲಾರದ ಮಾರುಕಟ್ಟೆಯ 15 ಕೆ.ಜಿ. ಟೊಮ್ಯಾಟೊ ಬಾಕ್ಸ್ ಎತ್ತುವಾಗ ಉಸಿರು ಕಟ್ಟಿ ತಿಣುಕುವುದೇ ನೋವಿಗೆ ಕಾರಣ. ಎತ್ತಲು ವೈದ್ಯರು ಅನುಮತಿ ಕೊಟ್ಟ ಮೇಲೂ ಉಸಿರು ಬಿಡುತ್ತಾ ಎತ್ತಬೇಕು. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕಗಳ ಹಬೆ, ಹುಳುವಿನ ವಾಸನೆ ಮೈಗ್ರೇನ್ ಇರುವವರಿಗೆ ಕೆಣಕುವಂಥದ್ದು, ಬಾಗಿಲ ಬಳಿಯ ಜಾಗ ಕೇಳಿಕೊಳ್ಳಬಹುದು. ಹೆಲ್ಮೆಟ್ ಕಲೆಯ ಮೇಲೋ ಹಿಂದಲೆಯ ನರದ ಮೇಲೋ ಒತ್ತುತ್ತಿದ್ದರೆ ಒಳಗಿನ ಸ್ಪಂಜ್ ಕತ್ತರಿಸಬೇಡಿ. ಒಂದು ಸೈಜ್ ದೊಡ್ಡದು ಅಥವಾ ಬೇರೆ ಆಕಾರದ್ದು ನೋಡಿ. ಫಿಟ್ಸ್ ಬಂದವರು ವೈದ್ಯರು ಹೇಳುವವರೆಗೆ ಗಾಡಿ ಓಡಿಸಲೇಬಾರದು.

ಉಪವಾಸ ತಲೆನೋವು ಕೆಣಕುತ್ತದೆ. ಶನಿವಾರದ ಒಪ್ಪತ್ತಾಗಲಿ, ರಂಜಾನ್ ಉಪವಾಸವಾಗಲಿ, ಸ್ಟೀರಾಯ್ಡ್ ಅಥವಾ ಫಿಟ್ಸ್ ಮಾತ್ರೆ ನಡೆಯುತ್ತಿರುವಾಗ ವೈದ್ಯರನ್ನು ಕೇಳದೆ ಹಿಡಿಯಬಾರದು. ಕಾಫಿ, ಟೀ ದಿನಕ್ಕೆ ಎರಡು ಲೋಟಕ್ಕೆ ನಿಂತರೆ ಸರಿ, ಪ್ರತಿದಿನ ಒಂದೇ ಹೊತ್ತಿಗೆ.

ವೈದ್ಯರ ಮುಂದೆ ಕೂತಾಗ ನೆನಪು ಕೈಕೊಡುವುದರಿಂದ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ: ನೋವು 10ಕ್ಕೆ ಎಷ್ಟು, ಎದ್ದಾಗಲೋ ಮಲಗಿದಾಗಲೋ, ಯಾವ ಮಾತ್ರೆ ಎಷ್ಟು, ವಾಂತಿ ಆಯಿತೋ. ನೋವಿಲ್ಲದ ದಿನಕ್ಕೂ ಒಂದು ಗೆರೆ ಹಾಕಿ. ಒಂದು ತಿಂಗಳ ಹಾಳೆ ಹರಿದು ಜೊತೆಗೆ ಒಯ್ದರೆ, ಮಾತ್ರೆ ತಿಂದ ದಿನ 10 ದಾಟಿತೋ 15 ದಾಟಿತೋ, ನೋವು ವಾರದಿಂದ ವಾರಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಏರುತ್ತಿದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಅದೇ ವಾರ ತೋರಿಸಿ.